ಒಂದೇ ಹಾಸಿಗೆಯ ಇಬ್ಬರು

ನಮ್ಮ ಅಂಗಡಿಗೆ ಹಾಸಿಗೆ ಹೊಲಿಸಲು ಬಂದವರು ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಕೇಳಿಯೇ ಕೇಳುತ್ತಾರೆ. ಕೇಳದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿರುತ್ತೇನೆ. ಯಾಕೆಂದರೆ ಉತ್ತರ ಹೇಳುವವರು ನಮ್ಮ ಅತ್ತೆ.

"ಹತ್ತಿ ಗಟ್ಟಿ ಇದೆ, ಗವಸು ಗಟ್ಟಿ ಇದೆ. ಇಪ್ಪತ್ತು ವರ್ಷಕ್ಕೆ ಮೋಸ ಇಲ್ಲ. ಆದ್ರೆ ಅಷ್ಟು ದಿನ ಬೇಕಾಗಲ್ಲ ಬಿಡಿ."

ಮೊಮ್ಮಗುವಿಗೆಂದು ಪುಟ್ಟ ಹಾಸಿಗೆ ಹೊಲಿಸಲು ಬಂದ ಅಜ್ಜಿಯಂದಿರು ಈ ಮಾತು ಕೇಳಿ ಬೆಚ್ಚಿಬೀಳುತ್ತಾರೆ. ಆಗ ನಾನು ಓಡಿಬಂದು, ಕರ್ತನು ಇವತ್ತೋ ನಾಳೆಯೋ ಬರುತ್ತಾನೆಂದು ನಮ್ಮ ಅತ್ತೆ ನಂಬಿದ್ದಾರೆ, ಅದಕ್ಕೆ ಹಾಗಂದರೇ ಹೊರತು ನಿಮ್ಮ ಮಗುವಿಗೆ ನೂರು ವರ್ಷ ಆಯಸ್ಸಿದೆ ಎಂದು ಸಮಾಧಾನ ಹೇಳಬೇಕು. ಹಾಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ; ನಮ್ಮ ಮನೆಯಲ್ಲಿ ಅತ್ತೆಗೆ ಇರುವುದು ಅಂತ್ಯಕಾಲ ಒಂದೇ.

ಬೀದಿಯವರು ಅವರಿಗೆ ಇಟ್ಟ ಹೆಸರು ಕಹಳೆಯಮ್ಮ. ಕಡೆಯ ಕಹಳೆ ಊದುವ ದಿನದ ಮಾತು ಅವರ ಬಾಯಲ್ಲಿ ಯಾವಾಗಲೂ ಇರುತ್ತದೆ, ದನಿಯೂ ಹೆಸರಿಗೆ ತಕ್ಕಂತೆ ಇದೆ. ಆದರೆ ದಿನ ಗೊತ್ತುಮಾಡಿ ಹೇಳುವವರನ್ನು ಕಂಡರೆ ಅವರಿಗೆ ಎಳ್ಳಷ್ಟೂ ಆಗದು. ಒಮ್ಮೆ ನಮ್ಮ ಕ್ರೈಸ್ತ ಸಭೆಯ ಹುಡುಗಿಯೊಬ್ಬಳು, ಮುಂದಿನ ತಿಂಗಳು ಇಂಥ ದಿನವೇ ಲೋಕ ಮುಗಿಯುತ್ತದೆ ಎಂದು ಯಾರೋ ಕಳಿಸಿದ್ದನ್ನು ಫೋನಿನಲ್ಲಿ ತೋರಿಸಿದಳು. ಅತ್ತೆ ಫೋನನ್ನು ಅವಳ ಕೈಗೇ ವಾಪಸ್ಸು ಕೊಟ್ಟು, ಕಳ್ಳ ಬರುವ ಹಾಗೆ ಬರುತ್ತಾನೆಂದು ಬರೆದಿದೆ, ಕಳ್ಳ ಯಾವಾಗಾದರೂ ಮೊದಲೇ ಫೋನ್ ಮಾಡಿ ಬಂದದ್ದುಂಟೇನೇ ಎಂದು ಕೇಳಿದರು. ಆ ಹುಡುಗಿ ಇಂಗು ತಿಂದ ಮಂಗನಂತೆ ನಿಂತಳು. ನನಗಂತೂ ಅವತ್ತು ಅತ್ತೆಯ ಮೇಲೆ ಬಹಳ ಅಭಿಮಾನ ಬಂತು.

ಮಾವ ಇದಕ್ಕೆ ಪೂರ್ತಿ ಬೇರೆ. ಅತ್ತೆ ಹೊಲಿಗೆ ಮಿಷನ್ನಿನಲ್ಲಿ ಗವಸಿನ ಮೂರು ಅಂಚು ಹೊಲಿದು ಕೊಡುತ್ತಾರೆ. ಮಾವ ಅದಕ್ಕೆ ಹತ್ತಿ ತುಂಬಿ, ಬೆತ್ತದಿಂದ ಬಡಿದು ಸಮ ಮಾಡಿ, ಬಾಯಿ ಮುಚ್ಚಿ, ಉದ್ದನೆಯ ದಬ್ಬಣದಿಂದ ಗಂಟು ಗಂಟಾಗಿ ಹೊಲಿಯುತ್ತಾರೆ. ಕೆಲಸಕ್ಕೆ ಕೂತರೆ ಅಂಗಿ ಬಿಚ್ಚಿ ಮಡಚಿ ಸ್ಟೂಲಿನ ಮೇಲೆ, ಚಪ್ಪಲಿ ಸ್ಟೂಲಿನ ಕೆಳಗೆ. ಮೈಮೇಲೆ ಬನಿಯನ್ನು, ಹುಬ್ಬಿನ ಮೇಲೆ ಹತ್ತಿ. ದಬ್ಬಣವನ್ನು ಹಾಸಿಗೆಯಲ್ಲಿ ಚುಚ್ಚಿ ಬಿಟ್ಟು ಅವರು ಎಂದೂ ಏಳುವುದಿಲ್ಲ. ಬಾಯಾರಿದರೂ ಸರಿ, ಯಾರಾದರೂ ಕೂಗಿದರೂ ಸರಿ, ಮೊದಲು ದಬ್ಬಣವನ್ನು ಗೋಡೆಯ ಮೇಲಿನ ಪುಟ್ಟ ದಿಂಬಿಗೆ ಚುಚ್ಚಿ ಆಮೇಲೆ ಏಳುತ್ತಾರೆ. ಮರೆತ ದಬ್ಬಣದ ಮೇಲೆ ನಾಳೆ ಯಾರದೋ ಮಗು ಮಲಗುತ್ತದೆ ಎಂಬುದು ಈ ಕಸುಬಿನವರು ಹುಟ್ಟಿನಿಂದ ಕೇಳಿಕೊಂಡು ಬಂದ ಮಾತು.

ಮಾವ ಸಭೆಗೆ ಹೋಗುವುದಿಲ್ಲ. ದೇವರ ಮೇಲೆ ಅವರಿಗೆ ಯಾವ ಜಗಳವೂ ಇಲ್ಲ, ಪ್ರಸಂಗ ಶುರುವಾದರೆ ನಿದ್ದೆ ಬರುತ್ತದೆ ಅಷ್ಟೆ. ದೀಕ್ಷಾಸ್ನಾನವನ್ನೂ ತೆಗೆದುಕೊಂಡಿಲ್ಲ. ಅತ್ತೆ ಕೇಳಿದಾಗಲೆಲ್ಲ, ಹತ್ತಿಗೂ ನನಗೂ ನೀರು ಆಗಿಬರುವುದಿಲ್ಲ ಎಂದು ನಗುತ್ತಾರೆ. ಅತ್ತೆಗೆ ಮಾತ್ರ ಇದು ನಗುವ ವಿಷಯವಲ್ಲ. ಕರ್ತನು ಬರುವ ದಿನ ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರನ್ನು ಮೇಲಕ್ಕೆ ಒಯ್ಯುತ್ತಾರೆ, ಇನ್ನೊಬ್ಬರು ಉಳಿದುಬಿಡುತ್ತಾರೆ ಎಂಬ ಸುವಾರ್ತೆಯ ಮಾತು ಬೇರೆಯವರಿಗೆ ಬರಿಯ ವಾಕ್ಯ. ಹಾಸಿಗೆ ಹೊಲಿಯುವ ಹೆಂಗಸಿಗೆ ಅದು ಮನೆಯೊಳಗಿನ ಮಾತು. ತನ್ನನ್ನು ಒಯ್ದ ಮೇಲೆ ಈ ಮನುಷ್ಯ ಒಬ್ಬರೇ ಉಳಿದು, ಲೋಕ ಮುಗಿಯುವ ಮುಂಚಿನ ಮಹಾ ಸಂಕಟದ ದಿನಗಳಲ್ಲಿ ಒಂದು ಹಿಡಿ ಅನ್ನ ಬೇಯಿಸಿಕೊಳ್ಳಲೂ ಬಾರದೆ ಏನು ಮಾಡುತ್ತಾರೆ ಎಂಬುದೇ ಅವರ ಜೀವ ಹಿಂಡುವ ಚಿಂತೆ. ಮಲಗುವಾಗ ಮಾವನ ಬನಿಯನ್ನಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗುತ್ತಿದ್ದರು. ತಾನು ಮೇಲೇಳುವಾಗ ಜೊತೆಗೆ ಬಂದರೂ ಬಂದಾರು ಎಂಬ ಆಸೆ. ನಮ್ಮ ಮನೆಯಲ್ಲಿ ಮಾವನ ಬನಿಯನ್ನುಗಳೆಲ್ಲ ಎಡಗಡೆ ಜೋಲುಬಿದ್ದಿರುವುದು ಇದರಿಂದಲೇ. ಒಗೆಯುವವಳು ನಾನಾದ್ದರಿಂದ ನನಗೆ ಗೊತ್ತು.

ಬನಿಯನ್ನಿನ ಮೇಲೆ ಪೂರ್ತಿ ಭರವಸೆ ಇಡಲಾಗದೆ ಅತ್ತೆ ಇನ್ನೊಂದು ದಾರಿಯನ್ನೂ ಹಿಡಿದಿದ್ದರು. ಮಾವನಿಗೆ ಅಡುಗೆ ಕಲಿಸುವುದು. ನಾನು ಈ ಮನೆಗೆ ಬರುವ ಮೊದಲೇ ಶುರುವಾದ ಪಾಠ ಅದು. ಅಕ್ಕಿ ಎಷ್ಟು, ನೀರು ಎಷ್ಟು, ಉರಿ ಯಾವಾಗ ತಗ್ಗಿಸಬೇಕು, ಉಪ್ಪಿನ ಡಬ್ಬ ಎಲ್ಲಿ, ಬೆಂಕಿಪೊಟ್ಟಣ ಎಲ್ಲಿ, ಎಲ್ಲ ಹೇಳಿ ಪಕ್ಕದಲ್ಲೇ ನಿಲ್ಲುತ್ತಿದ್ದರು. ಮಾವ ತಲೆಯಾಡಿಸಿ ಎಲ್ಲ ಕೇಳಿ, ಕೊನೆಗೆ ಅನ್ನ ಸೀಯಿಸುತ್ತಿದ್ದರು. ಇಲ್ಲವೇ ಅರ್ಧ ಬೆಂದಾಗಲೇ ಇಳಿಸುತ್ತಿದ್ದರು. ಅತ್ತೆ ತಲೆ ಚಚ್ಚಿಕೊಂಡು ತಳ ಕೆರೆಯುತ್ತಿದ್ದರು. ಇನ್ನೂ ಕಲೀಲಿಲ್ವಲ್ಲ, ನಾನು ಹೇಗೆ ನೆಮ್ಮದಿಯಿಂದ ಹೋಗಲಿ ಎನ್ನುತ್ತಿದ್ದರು.

ಈಗ ಒಂದು ಗುಟ್ಟು ಹೇಳಬೇಕು. ಅತ್ತೆ ಮನೆಯಲ್ಲಿ ಇಲ್ಲದ ದಿನ ಅಡುಗೆ ಮಾಡುತ್ತಿದ್ದವರು ಮಾವನೇ. ನಾನು ಬೇಯಿಸಿದ ಅನ್ನ ಮುದ್ದೆಯಾಗುತ್ತದೆ ಎಂಬುದು ಬೀದಿಗೆಲ್ಲ ಗೊತ್ತಿರುವ ಸಂಗತಿ. ಹಾಗಾಗಿ ಅತ್ತೆ ಸಭೆಗೋ ಪೇಟೆಗೋ ಹೋದರೆ ಮಾವ ಸದ್ದಿಲ್ಲದೆ ಎದ್ದು ಅಕ್ಕಿ ತೊಳೆಯುತ್ತಿದ್ದರು. ಅನ್ನ ಮಲ್ಲಿಗೆ ಹೂವಿನಂತೆ ಆಗುತ್ತಿತ್ತು. ಉಂಡು, ಪಾತ್ರೆ ತಿಕ್ಕಿ ಬೋರಲು ಹಾಕಿ, ಇಬ್ಬರೂ ಏನೂ ಅರಿಯದವರ ಹಾಗೆ ಕೆಲಸಕ್ಕೆ ಕೂರುತ್ತಿದ್ದೆವು. ಯಾಕೆ ಹೀಗೆ ಎಂದು ನಾನು ಕೇಳಿರಲಿಲ್ಲ. ಹೊಟ್ಟೆ ತುಂಬುತ್ತಿದ್ದಾಗ ಯಾರು ತಾನೆ ಕೇಳುತ್ತಾರೆ?

ನಮ್ಮ ಬೀದಿಯ ಒಂದು ತುದಿಯಲ್ಲಿ ಬಸ್ ನಿಲ್ದಾಣ, ಇನ್ನೊಂದು ತುದಿಯಲ್ಲಿ ದೊಡ್ಡಾಸ್ಪತ್ರೆ. ಆಸ್ಪತ್ರೆಯ ಮೈದಾನಕ್ಕೆ ಅಂಟಿಕೊಂಡೇ ನಮ್ಮ ಸಭೆಯ ಕಟ್ಟಡ, ಅದರ ಹಿಂದೆ ಒಂದು ದೊಡ್ಡ ಕೋಣೆ. ಕೋಣೆಯ ಬೀಗದ ಕೈ ಆಗ ಅತ್ತೆಯ ಕೊರಳಲ್ಲೇ ನೇತಾಡುತ್ತಿರುತ್ತಿತ್ತು. ಯಾಕೆಂದರೆ ಅದರ ಗೋಡೆಯ ಮೇಲೆ ಅವರ ಅಪ್ಪ ಬಿಡಿಸಿದ ಅಂತ್ಯಕಾಲದ ಪಟವಿದೆ. ಅವರೂ ಹಾಸಿಗೆ ಹೊಲಿಯುತ್ತಿದ್ದವರೇ. ಎಡಗಡೆ ಸೃಷ್ಟಿ, ಬಲಗಡೆ ಹೊಸ ಆಕಾಶ ಹೊಸ ಭೂಮಿ, ನಡುವೆ ಏಳು ಕಹಳೆ, ನಾಲ್ಕು ಕುದುರೆ, ಸಮುದ್ರದಿಂದ ಎದ್ದು ಬರುವ ಏಳು ತಲೆಯ ಮೃಗ. ಅಂಗಡಿಯಲ್ಲಿ ಉಳಿದ ಗವಸಿನ ಪಟ್ಟೆಬಟ್ಟೆಯ ಮೇಲೆ ಬಿಡಿಸಿದ್ದರಿಂದ ಬಣ್ಣದ ಹಿಂದಿನ ಪಟ್ಟೆಗಳು ಈಗ ಮೇಲೆದ್ದು, ಆ ಮೃಗ ಪಂಜರದೊಳಗೆ ನಿಂತಂತೆ ಕಾಣುತ್ತದೆ. ವಾರಕ್ಕೊಮ್ಮೆ ಅತ್ತೆ ಕೋಲು ಹಿಡಿದು ಅದರ ಪಾಠ ಮಾಡುತ್ತಾರೆ. ಉಳಿದ ದಿನ ಕೋಣೆಗೆ ಬೀಗ ಬಿದ್ದಿರುತ್ತಿತ್ತು.

ಹೊಸದಾಗಿ ಬಂದ ಪಾಸ್ಟರ್ ಆ ಕೋಣೆಯನ್ನು ಕೇಳಿದರು. ದೂರದಿಂದ ರೋಗಿಗಳನ್ನು ಕರೆತಂದವರು ಆಸ್ಪತ್ರೆಯ ಹೊರಗೆ ಫುಟ್‌ಪಾತಿನಲ್ಲಿ ಪೇಪರ್ ಹಾಸಿಕೊಂಡು ಮಲಗುತ್ತಿದ್ದಾರೆ, ನಮ್ಮ ಕೋಣೆಯಲ್ಲಿ ಹಾಸಿಗೆ ಹಾಕಿ ಅವರಿಗೆ ಬಿಟ್ಟುಕೊಡೋಣ ಎಂಬುದು ಅವರ ಮಾತು. ಈಗಿನ ಕಾಲದ ಜನ ಸಭೆಯನ್ನು ಅದರ ಪಾಠದಿಂದ ಗುರುತಿಸುವುದಿಲ್ಲ, ಬಾಗಿಲು ತೆರೆದಿದೆಯೋ ಇಲ್ಲವೋ ಎಂದು ನೋಡಿ ಗುರುತಿಸುತ್ತಾರೆ ಎಂದೂ ಸೇರಿಸಿದರು. ಹಿರಿಯರೆಲ್ಲ ಅತ್ತೆಯ ಕೊರಳಿನ ಕಡೆ ನೋಡಿದರು. ಅತ್ತೆ ಎದ್ದು ನಿಂತರು.

"ಮನೆಗೆ ಬೆಂಕಿ ಬಿದ್ದಿರುವಾಗ ಗೋಡೆಗೆ ಬಣ್ಣ ಹೊಡೀತೀವಿ ಅಂತೀರಲ್ಲ. ಕಾಲ ಎಲ್ಲಿದೆ? ಜನರನ್ನ ಎಬ್ಬಿಸೋದು ನಮ್ಮ ಕೆಲಸ. ನೀವು ನೋಡಿದ್ರೆ ಮಲಗಿಸೋ ಮಾತಾಡ್ತೀರಿ."

ಪಾಸ್ಟರ್ ಪಾಪ, ಆ ಮಾತನ್ನು ಅಲ್ಲಿಗೇ ಕೈಬಿಟ್ಟರು. ಮನೆಗೆ ಬಂದು ಅತ್ತೆ ಇದನ್ನೆಲ್ಲ ಗೆದ್ದ ದನಿಯಲ್ಲಿ ಹೇಳಿದಾಗ ಮಾವ ದಬ್ಬಣಕ್ಕೆ ಹುರಿ ಪೋಣಿಸುತ್ತಿದ್ದರು. ತಲೆ ಎತ್ತದೆ, ಎಬ್ಬಿಸಬೇಕಾದರೆ ಮೊದಲು ಅವರು ಎಲ್ಲಾದರೂ ಮಲಗಿರಬೇಕಲ್ಲ ಎಂದರು. ಅತ್ತೆ ಎರಡು ದಿನ ಮಾವನ ಹತ್ತಿರ ಮಾತಾಡಲಿಲ್ಲ. ಬನಿಯನ್ನು ಹಿಡಿದುಕೊಳ್ಳುವುದನ್ನು ಮಾತ್ರ ಬಿಡಲಿಲ್ಲ.

ಇದಾದ ಕೆಲವು ವಾರಗಳಿಗೆ ಒಂದು ದಿನ ಬೆಳಿಗ್ಗೆ ಅತ್ತೆ ಹುರಿ ತರಲು ಪೇಟೆಗೆ ಹೋದರು. ಅಲ್ಲಿಗೆ ಹೋದರೆ ಬರುವುದು ಸಂಜೆಯೇ. ನನ್ನ ಗಂಡ ವ್ಯಾನಿನಲ್ಲಿ ಹಾಸಿಗೆ ತಲುಪಿಸಲು ಹೊರಟರು. ಮಾವ ಎಂದಿನಂತೆ ಅನ್ನ ಮಾಡಿ ಇಳಿಸಿ, ಹೊಲಿಗೆಗೆ ಕೂತರು. ಆಗ ದೊಡ್ಡಾಸ್ಪತ್ರೆಯ ಸೈರನ್ ಕೂಗಿಕೊಂಡಿತು. ನಿಲ್ಲಲೇ ಇಲ್ಲ. ಕೆಳಗಿನ ವಾರ್ಡಿನಲ್ಲಿ ವೈರ್ ಸುಟ್ಟು ಹೊಗೆ ತುಂಬಿತ್ತು. ರೋಗಿಗಳನ್ನು ಮೈದಾನಕ್ಕೆ ಹೊತ್ತು ತರುತ್ತಿದ್ದಾರೆ, ಹಾಕಲು ಹಾಸಿಗೆ ಇಲ್ಲ ಎಂದು ಯಾರೋ ಕೂಗಿಕೊಂಡು ಬಂದರು. ಮಾವ ಕೂತಲ್ಲಿಂದ ಎದ್ದವರು ಒಂದು ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ಬರಿಗಾಲಿನಲ್ಲಿ ಓಡಿದರು. ನಾನು ಇನ್ನೊಂದನ್ನು ಹೊತ್ತೆ. ಬೀದಿಗೆ ಬೀದಿಯೇ ಓಡಿತು. ಕ್ಷೌರದಂಗಡಿಯವರು ಗಿರಾಕಿಯ ಸಮೇತ ಓಡಿದರು, ಗಿರಾಕಿಯ ಅರ್ಧ ಮುಖದಲ್ಲಿ ಸೋಪಿನ ನೊರೆ ಇತ್ತು.

ಪೇಟೆಯಲ್ಲಿ ಹುರಿ ಅಂಗಡಿ ಮುಚ್ಚಿತ್ತಂತೆ. ಅತ್ತೆ ಮುಂದಿನ ಬಸ್ಸಿಗೇ ಹಿಂತಿರುಗಿದರು. ನಿಲ್ದಾಣದಲ್ಲಿ ಇಳಿಯುವಾಗ ದೂರದಿಂದ ಒಂದು ದೀರ್ಘವಾದ ಕೂಗು ಕೇಳಿಸಿತು, ಮತ್ತೆ ನಿಂತುಹೋಯಿತು. ಬೀದಿಗೆ ಕಾಲಿಟ್ಟರೆ ಒಂದು ನರಪಿಳ್ಳೆ ಇಲ್ಲ. ಟೀ ಅಂಗಡಿಯ ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದೆ, ನೋಡುವವರಿಲ್ಲ. ಕ್ಷೌರದಂಗಡಿಯ ಕುರ್ಚಿಯ ಮೇಲೆ ಕೊರಳಿಗೆ ಕಟ್ಟುವ ಬಿಳಿ ಬಟ್ಟೆ ಮಾತ್ರ ಬಿದ್ದಿದೆ, ಒಳಗಿದ್ದ ಮನುಷ್ಯ ಇಲ್ಲ. ಆ ದಿನ ಬಂದೇಬಿಟ್ಟಿತೇನೋ ಅನ್ನಿಸಿತು ಎಂದು ಆಮೇಲೆ ಅತ್ತೆಯೇ ನನಗೆ ಹೇಳಿದರು. ಆದರೂ ನಂಬಲಿಲ್ಲವಂತೆ. ಕ್ಷೌರದಂಗಡಿಯವರನ್ನು ಒಯ್ಯುವಷ್ಟು ಕರ್ತನ ಲೆಕ್ಕ ತಪ್ಪಲಾರದು ಅಂದುಕೊಂಡು ಮನೆಗೆ ನಡೆದರು.

ಅಂಗಡಿಯ ಬಾಗಿಲು ಹಾರುಹೊಡೆದಿತ್ತು. ಸ್ಟೂಲಿನ ಮೇಲೆ ಮಡಚಿಟ್ಟ ಅಂಗಿ. ಕೆಳಗೆ ಜೋಡಿ ಚಪ್ಪಲಿ. ನೆಲದ ಮೇಲೆ ಅರ್ಧ ಹೊಲಿದ ಹಾಸಿಗೆ, ಅದರ ನಡುವೆ ಹುರಿಯ ಸಮೇತ ನೆಟ್ಟಗೆ ನಿಂತ ದಬ್ಬಣ. ಮದುವೆಯಾದಾಗಿನಿಂದ ಒಂದೇ ಒಂದು ಸಲವೂ ಮಾವ ದಬ್ಬಣ ಬಿಟ್ಟು ಎದ್ದವರಲ್ಲ. ಅತ್ತೆ ಕೂಗುತ್ತಾ ಅಡುಗೆಮನೆಗೆ ಹೋದರು. ಪಾತ್ರೆಯ ಮುಚ್ಚಳ ತೆಗೆದರು. ಬಿಸಿ ಬಿಸಿ ಅನ್ನ, ಬಿಡಿ ಬಿಡಿಯಾಗಿ, ಒಂದು ಅಗುಳೂ ತಳ ಹಿಡಿದಿಲ್ಲ. ನನ್ನ ಕೈಯದಲ್ಲ ಎಂದು ನೋಡಿದ ತಕ್ಷಣ ತಿಳಿಯಿತಂತೆ. ದಿನಾ ಅನ್ನ ಸೀಯಿಸುವ ಮನುಷ್ಯನ ಕೈಯಲ್ಲಿ ಇಂಥ ಅನ್ನ ಆಗಬೇಕಾದರೆ ಅದು ಕರ್ತನ ಕೆಲಸವೇ ಎಂದು ಆಗ ಅವರಿಗೆ ಪೂರ್ತಿ ನಂಬಿಕೆಯಾಯಿತು.

ನಾನು ದಿಂಬು, ಹೊದಿಕೆ ಒಯ್ಯಲು ಓಡಿಬಂದಾಗ ಅತ್ತೆ ಆ ಅರ್ಧ ಹೊಲಿದ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದರು. ಕೈಯಲ್ಲಿ ದಬ್ಬಣ. ನನ್ನನ್ನು ಕಂಡು ಅವರಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. ನೀನೂ ಇಲ್ಲೇ ಇದ್ದೀಯಾ ಎಂದರು, ನಾನು ಇಲ್ಲೇ ಇರಬೇಕಾದವಳು ಎನ್ನುವ ಹಾಗೆ. ಆ ನೋಟವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

"ನಿಮ್ಮ ಮಾವನ್ನ ಕರ್ಕೊಂಡುಬಿಟ್ಟ ಕಣಮ್ಮಾ" ಎಂದರು. "ನನ್ನ ಬಿಟ್ಟ."

ನನಗೆ ಏನೂ ಅರ್ಥವಾಗಲಿಲ್ಲ. ಅಂಗಿ, ಚಪ್ಪಲಿ, ದಬ್ಬಣ ಇವುಗಳ ಮೇಲೆ ಅವರ ಕಣ್ಣು ಓಡಾಡುವುದನ್ನು ನೋಡಿದ ಮೇಲೆ ನಿಧಾನವಾಗಿ ತಿಳಿಯಿತು. ನಗು ಬಂತು. ಆದರೆ ನಗಲಾಗಲಿಲ್ಲ, ಯಾಕೆಂದರೆ ಅತ್ತೆ ಅಳುತ್ತಿರಲಿಲ್ಲ. ಜೀವಮಾನವೆಲ್ಲ ಯಾವ ದಿನಕ್ಕೆ ಕಾದಿದ್ದರೋ ಆ ದಿನ ತನ್ನನ್ನು ಬಿಟ್ಟು ಹೋಗಿದೆ ಎಂದು ನಂಬಿದ ಹೆಂಗಸಿನ ಮುಖ ಅದಾಗಿರಲಿಲ್ಲ. ಹೊತ್ತ ಭಾರ ಇಳಿಸಿದವರಂತೆ ಕೂತಿದ್ದರು.

"ಒಳ್ಳೇದೇ ಆಯ್ತು ಬಿಡು" ಎಂದರು. "ಅವರು ಒಬ್ಬರೇ ಇಲ್ಲಿದ್ದು ಏನ್ ಮಾಡ್ತಿದ್ರು? ನಾನಾದ್ರೆ ಹೇಗೋ ಇರ್ತೀನಿ."

ನಾನು ಅವರ ಪಕ್ಕದಲ್ಲಿ ಕುಸಿದು ಕೂತು ಗಳಗಳನೆ ಅತ್ತುಬಿಟ್ಟೆ. ನನ್ನ ಸ್ವಂತ ತಾಯಿಯನ್ನು ನಾನು ಎಷ್ಟು ಪ್ರೀತಿಸಿದ್ದೆನೋ ಆ ಗಳಿಗೆಯಲ್ಲಿ ಈ ಹೆಂಗಸನ್ನು ಅಷ್ಟೇ ಪ್ರೀತಿಸಿದೆ. ಅತ್ತೆ ನನ್ನ ಬೆನ್ನು ಸವರಿ, ಅಳಬೇಡ, ನಮ್ಮಂಥವರಿಗೂ ಇನ್ನೊಂದು ಅವಕಾಶ ಇರುತ್ತದೆ, ಪಟದಲ್ಲಿ ತೋರಿಸಿದ್ದೀನಲ್ಲ ಎಂದು ನನಗೇ ಸಮಾಧಾನ ಹೇಳತೊಡಗಿದರು. ಮೂಗು ಒರೆಸಿಕೊಂಡು ನಾನು ನಡೆದದ್ದನ್ನು ಹೇಳಿದೆ. ಮಾವ ಎಲ್ಲಿಗೂ ಹೋಗಿಲ್ಲ, ಆಸ್ಪತ್ರೆಯ ಮೈದಾನದಲ್ಲಿ ಹಾಸಿಗೆ ಹಾಸುತ್ತಿದ್ದಾರೆ ಎಂದೆ.

ಹಾಗಾದರೆ ಕರ್ತನು ಬರಲಿಲ್ಲವಾ ಎಂದು ಅತ್ತೆ ಕೇಳಿದರು. ಇಲ್ಲ ಎಂದೆ. ಆಮೇಲೆ ಎದ್ದು, ದಬ್ಬಣವನ್ನು ಗೋಡೆಯ ದಿಂಬಿಗೆ ಚುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಹೋಗಲು ಆ ಮನುಷ್ಯನಿಗೆ ಏನು ಧಾಡಿ ಎಂದು ಬೈಯುತ್ತಾ, ಮಾವನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಟರು.

ಮೈದಾನದಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಿರಲಿಲ್ಲ. ಇದ್ದ ಎರಡು ಮರಗಳ ನೆರಳು ತುಂಬಿಹೋಗಿ ಉಳಿದವರು ಬಿಸಿಲಿನಲ್ಲೇ ಮಲಗಿದ್ದರು. ಪಾಸ್ಟರ್ ಒಂದು ಕೈಯಲ್ಲಿ ಡ್ರಿಪ್ ಬಾಟಲಿ ಎತ್ತಿ ಹಿಡಿದು ಇನ್ನೊಂದು ಕೈಯಿಂದ ಯಾರಿಗೋ ಪೇಪರಿನಲ್ಲಿ ಗಾಳಿ ಬೀಸುತ್ತಿದ್ದರು. ನಡುವೆ ಮಾವ, ಬನಿಯನ್ನು ಎಡಕ್ಕೆ ಜೋಲುತ್ತಾ, ಅಜ್ಜಿಯೊಬ್ಬರ ತಲೆಯ ಕೆಳಗೆ ಹಾಸಿಗೆಯ ಅಂಚನ್ನು ಮಡಚಿ ದಿಂಬು ಮಾಡುತ್ತಿದ್ದರು. ಅತ್ತೆ ಹೋಗಿ ಅವರ ಕಾಲ ಬಳಿ ಚಪ್ಪಲಿ ಇಟ್ಟರು. ಕೊರಳಿನಿಂದ ಬೀಗದ ಕೈ ತೆಗೆದು, ನೇರವಾಗಿ ಸಭೆಯ ಹಿಂದಿನ ಕೋಣೆಗೆ ನಡೆದು ಬಾಗಿಲು ತೆರೆದರು.

"ಎಲ್ಲರನ್ನೂ ಒಳಗೆ ತನ್ನಿ" ಎಂದು ಕೂಗಿದರು. ಕಹಳೆಯಮ್ಮನ ದನಿ ಮೈದಾನದ ಆಚೆ ತುದಿಗೂ ಕೇಳಿಸಿತು.

ಬೆಂಚುಗಳನ್ನು ಹೊರಗೆ ಹಾಕಿ, ನಾವು ಹೊಲಿದ ಹಾಸಿಗೆಗಳನ್ನೆಲ್ಲ ಸಾಲಾಗಿ ಹಾಸಿದೆವು. ಮಂಡಿಯೂರಿ ಹಾಸಿಗೆ ಸರಿಮಾಡುತ್ತಿದ್ದ ಅತ್ತೆಯನ್ನು ಪಾಸ್ಟರ್ ಬಾಗಿಲಲ್ಲಿ ನಿಂತು ನೋಡಿದರು, ಬುದ್ಧಿವಂತರಾದ್ದರಿಂದ ಸುಮ್ಮನಿದ್ದರು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಒಬ್ಬ ಮುದುಕರು ಏಳು ತಲೆಯ ಮೃಗವನ್ನು ಕಂಡು ಗಾಬರಿಯಾಗಿ, ಇದೇನು ಎಂದು ಕೇಳಿದರು. ಮಾವ ಅವರ ಹೊದಿಕೆ ಎಳೆದು ಸರಿಮಾಡಿ, ಹೆದರಬೇಡಿ, ಅದು ಪಂಜರದೊಳಗಿದೆ ಎಂದರು. ಮುದುಕರು ಇನ್ನೊಮ್ಮೆ ನೋಡಿ, ಹೌದೆಂದು ಖಾತ್ರಿ ಮಾಡಿಕೊಂಡು ಕಣ್ಣು ಮುಚ್ಚಿದರು.

ಆ ಕೋಣೆಗೆ ಮತ್ತೆ ಬೀಗ ಬೀಳಲಿಲ್ಲ. ರೋಗಿಗಳು ಸಂಜೆ ವಾರ್ಡಿಗೆ ಹೋದ ಮೇಲೆ ಅವರ ಕಡೆಯವರು ಬಂದು ಮಲಗಿದರು, ಇವತ್ತಿಗೂ ಮಲಗುತ್ತಾರೆ. ಅತ್ತೆಯ ಪಾಠ ಅಲ್ಲೇ ನಡೆಯುತ್ತದೆ, ಎಚ್ಚರವಿದ್ದವರು ಕೇಳಿಸಿಕೊಳ್ಳುತ್ತಾರೆ. ಇದೆಲ್ಲ ಹೇಗೆ ಒಪ್ಪಿದಿರಿ ಎಂದು ಹಿರಿಯರೊಬ್ಬರು ಕೆಣಕಿದಾಗ ಅತ್ತೆ ಹೇಳಿದ್ದು ಇಷ್ಟು: "ಮನೇಲಿ ಯಾರಾದ್ರೂ ಒಬ್ಬರು ಎಚ್ಚರವಾಗಿರ್ತಾರೆ. ಮಿಕ್ಕವರು ಮಲಗಲಿ ಅಂತ ತಾನೆ?" ನಂಬಿಕೆ ಒಂದು ಕೂದಲೆಳೆಯಷ್ಟೂ ಸಡಿಲವಾಗಿಲ್ಲ. ಗಿರಾಕಿಗಳಿಗೆ ಈಗಲೂ ಇಪ್ಪತ್ತು ವರ್ಷ ಬೇಕಾಗಲ್ಲ ಎನ್ನುತ್ತಾರೆ, ನಾನು ಈಗಲೂ ಓಡಿಬರುತ್ತೇನೆ.

ಆದರೆ ಆ ದಿನದ ಸಂಜೆಯ ಮಾತು ಬಾಕಿ ಇದೆ. ಮನೆಗೆ ಬಂದು ಕೈಕಾಲು ತೊಳೆದು ಎಲ್ಲರೂ ಊಟಕ್ಕೆ ಕೂತೆವು. ಅತ್ತೆ ಮಧ್ಯಾಹ್ನದ ಅನ್ನದ ಪಾತ್ರೆಯನ್ನು ತಂದು ನಡುವೆ ಇಟ್ಟು ಮುಚ್ಚಳ ತೆಗೆದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕಥೆ ಬಯಲಾಯಿತೆಂದು ನಾನು ತಲೆ ತಗ್ಗಿಸಿದೆ.

"ಯಾವಾಗ ಕಲಿತ್ರಿ?" ಎಂದು ಅತ್ತೆ ಕೇಳಿದರು.

ಮಾವ ತಟ್ಟೆಯನ್ನೇ ನೋಡುತ್ತಾ, "ನೀನು ಹೇಳಿಕೊಟ್ಟ ಮೊದಲ್ನೇ ದಿನಾನೇ" ಎಂದರು.

"ಮತ್ತೆ ಇಷ್ಟು ವರ್ಷ ಯಾಕೆ ಸೀಯಿಸಿದ್ರಿ?"

ಮಾವ ಹುಬ್ಬಿನ ಮೇಲಿನ ಹತ್ತಿಯನ್ನು ಒರೆಸಿಕೊಂಡರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ಇವರು ಕಲಿತ್ರೆ ನಾನು ನೆಮ್ಮದಿಯಾಗಿ ಹೋಗ್ತೀನಿ ಅಂತಿದ್ದೆಯಲ್ಲ" ಎಂದರು. "ಅದಕ್ಕೇ."

ಅತ್ತೆ ತಣ್ಣಗಾಗಿದ್ದ ಅನ್ನವನ್ನು ಎಲ್ಲರಿಗೂ ಬಡಿಸಿದರು, ಮಾವನಿಗೆ ಎರಡು ಸಲ ಬಡಿಸಿದರು.

ಮರುದಿನ ಮಧ್ಯಾಹ್ನ ಅತ್ತೆ ಮಿಷನ್ನಿನ ಮುಂದಿನಿಂದ ಏಳದೆ, ಇವತ್ತು ಅನ್ನ ನೀವೇ ಮಾಡಿ ಎಂದು ಮಾವನಿಗೆ ಹೇಳಿದರು. ಮಾವ ದಬ್ಬಣವನ್ನು ಗೋಡೆಯ ದಿಂಬಿಗೆ ಚುಚ್ಚಿ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಅಂಗಡಿಯವರೆಗೂ ಬಂತು. ನಾನು ಏಳಹೋದೆ. ಅತ್ತೆ ನನ್ನ ಕೈ ಹಿಡಿದು ಕೂರಿಸಿದರು.

"ಇರಲಿ ಬಿಡು" ಎಂದರು. "ಇನ್ನೂ ಕಲೀತಿದ್ದಾರೆ."